ಮೇಲುಕೋಟೆಗೆ ತೋಳ ನೋಡಲು

ಕಳೆದ ದಸರಾ ರಜೆಯಲ್ಲಿ ಐದನೇ ತರಗತಿಯ ನನ್ನ ಮೊಮ್ಮಗ ಅಪ್ಪ ಅಮ್ಮನ ಜೊತೆ ಬಂಡೀಪುರಕ್ಕೆ ಹೋಗಿ ಹುಲಿ ನೋಡಿಕೊಂಡು ಬಂದ. ಬಂದವನೇ ಫೋನ್ ಮಾಡಿ, “ತಾತಾ, ನೀವೂ ಅಜ್ಜಿಯೂ ಯಾವ ಕಾಡಿಗೂ ಹೋಗಲ್ವಾ?” ಎಂದು ಕೇಳಿದ. ನನಗೀಗ 74 ವರ್ಷ. ಜೀಪಿನಲ್ಲಿ ಒಂದು ಗಂಟೆ ಕುಲುಕಾಡಿದರೆ ಸೊಂಟ ಮೂರು ದಿನ ಹೇಳಿದ ಮಾತು ಕೇಳುವುದಿಲ್ಲ. ಆದರೂ ಬಿಟ್ಟುಕೊಡದೆ, “ಹೋಗ್ತೀವಲ್ಲ, ತೋಳದ ಕಾಡಿಗೆ! ಮೇಲುಕೋಟೆಗೆ” ಎಂದೆ. ಅವನು ಜೋರಾಗಿ ನಕ್ಕ. “ಅದು ಪುಳಿಯೋಗರೆ ಊರಲ್ವಾ ತಾತಾ?”

ಪುಳಿಯೋಗರೆ ಊರೇ. ಚೆಲುವನಾರಾಯಣಸ್ವಾಮಿಯ ಊರು, ವೈರಮುಡಿ ಉತ್ಸವದ ಊರು, ಕವಿ ಪು.ತಿ.ನ. ಹುಟ್ಟಿದ ಊರು. ಆದರೆ ಸುತ್ತಲಿನ ಕುರುಚಲು ಗುಡ್ಡಗಳು ಒಂದು ವನ್ಯಧಾಮವೆಂದು ದೇವಸ್ಥಾನಕ್ಕೆ ಬರುವ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಂಡೀಪುರದಲ್ಲಿ ಹುಲಿ ಯೋಜನೆ ಶುರುವಾದದ್ದು 1973ರಲ್ಲಿ. ಮರುವರ್ಷವೇ, ಅಂದರೆ 1974ರಲ್ಲಿ, ಸರ್ಕಾರ ಇಲ್ಲಿನ ಸುಮಾರು 50 ಚದರ ಕಿಲೋಮೀಟರ್ ಜಾಗವನ್ನು ಮುಖ್ಯವಾಗಿ ತೋಳಗಳ ರಕ್ಷಣೆಗೆಂದು ‘ಮೇಲುಕೋಟೆ ದೇವಾಲಯ ವನ್ಯಧಾಮ’ ಎಂದು ಘೋಷಿಸಿತು.

ಒಂದು ಮಂಗಳವಾರ ಬೆಳಿಗ್ಗೆ ಆರಕ್ಕೆ ಮೈಸೂರಿನಿಂದ ನಮ್ಮ ಹಳೆಯ ಕಾರಿನಲ್ಲಿ ಹೊರಟೆವು. ನನ್ನವಳು ಬುತ್ತಿಗೆ ಚಿತ್ರಾನ್ನ, ಒಂದು ಬಾಟಲಿ ಮಜ್ಜಿಗೆ ಇಟ್ಟುಕೊಂಡಿದ್ದಳು. ಶ್ರೀರಂಗಪಟ್ಟಣ ದಾಟಿ, ಪಾಂಡವಪುರದ ಕಬ್ಬಿನ ಗದ್ದೆಗಳನ್ನು ಹಾದು, ಜಕ್ಕನಹಳ್ಳಿಯಲ್ಲಿ ಮೇಲುಕೋಟೆ ರಸ್ತೆಗೆ ತಿರುಗಿದೆವು. ಮುಂದೆ ಹೋದಂತೆ ಹಸಿರು ಕಡಿಮೆಯಾಗಿ ಬಂಡೆ, ಮುಳ್ಳುಪೊದೆ, ಒಣಹುಲ್ಲು ಕಾಣತೊಡಗಿತು. “ಇದಾ ಕಾಡು? ಒಂದು ದೊಡ್ಡ ಮರ ಇಲ್ಲ” ಎಂದಳು.

ಮಕ್ಕಳೇ, ತೋಳಕ್ಕೆ ಬೇಕಾದದ್ದು ಇಂಥ ಬಯಲೇ. ಹುಲಿ ಮರೆಯಲ್ಲಿ ಹೊಂಚು ಹಾಕುತ್ತದೆ, ತೋಳ ಓಡಿ ಓಡಿ ಬೇಟೆಯಾಡುತ್ತದೆ. ನಮ್ಮ ಬಯಲು ಸೀಮೆಯ ತೋಳದ ತೂಕ ಹೆಚ್ಚೆಂದರೆ 20–25 ಕಿಲೋ. ಬಂಡೆಗಳ ಸಂದಿಯಲ್ಲೋ ಬಿಲದಲ್ಲೋ ಮರಿ ಹಾಕುತ್ತದೆ. ಮರಿಗಳಿಗೆ ತಾಯಿ ಮಾತ್ರವಲ್ಲ, ತಂದೆಯೂ ಗುಂಪಿನ ಉಳಿದವರೂ ಆಹಾರ ತರುತ್ತಾರೆ. ಇಂಥ ನೆಲವನ್ನು ನಾವು ‘ಬರಡು ಭೂಮಿ’ ಎಂದು ಕಾಗದದಲ್ಲಿ ಬರೆದುಬಿಡುತ್ತೇವೆ. ನಾನೂ ಎಷ್ಟೋ ಸಲ ಬರೆದಿದ್ದೇನೆ.

ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆ ಕಾದೆವು. ನವಿಲು ಕೂಗಿತು. ಒಂದು ಮೊಲ ಕಿವಿ ನಿಮಿರಿಸಿ ನೋಡಿ ಓಡಿತು. ಆಮೇಲೆ ಕುರಿ ಹೊಡೆದುಕೊಂಡು ಒಬ್ಬ ಹುಡುಗ ಬಂದ. “ಕುರಿ ತಗಳಕೆ ಬಂದ್ರಾ?” ಎಂದ. ತೋಳ ನೋಡಲು ಎಂದೆ. ನಮ್ಮಿಬ್ಬರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿದ. “ನಾನೇ ನೋಡಿಲ್ಲ ಕಣಜ್ಜ. ನಮ್ಮ ತಾತ ನೋಡಿದ್ನಂತೆ. ಈಗೇನಿದ್ರೂ ಚಿರತೆ ಕಾಟ” ಎಂದು ಮುಂದೆ ನಡೆದ.

ಆ ಕುರಿಗಳ ಹಿಂದೆ ನನಗೆ ಇನ್ನೊಬ್ಬ ಮನುಷ್ಯ ಕಂಡ. ಎಂಬತ್ತರ ದಶಕದ ಆರಂಭದಲ್ಲಿ ನಾನು ಈ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಐ.ಆರ್.ಡಿ.ಪಿ. ಯೋಜನೆಯಲ್ಲಿ ಬಡವರಿಗೆ ಕುರಿ ಸಾಲ ಕೊಡುತ್ತಿದ್ದೆವು. ಪ್ರತಿ ಕುರಿಗೂ ವಿಮೆ, ಗುರುತಿಗೆ ಕಿವಿಗೊಂದು ಬಿಲ್ಲೆ. ಕುರಿ ಸತ್ತರೆ ಬಿಲ್ಲೆ ತಂದು ತೋರಿಸಬೇಕು. ಬಿಲ್ಲೆ ಇಲ್ಲದಿದ್ದರೆ ಪರಿಹಾರ ಇಲ್ಲ.

ಒಂದು ದಿನ ಒಬ್ಬ ರೈತ ಟವೆಲ್ಲಿನಲ್ಲಿ ಒಂದಿಷ್ಟು ಉಣ್ಣೆ ಕಟ್ಟಿಕೊಂಡು ಬಂದ. ರಾತ್ರಿ ತೋಳ ಎರಡು ಕುರಿ ಎಳೆದುಕೊಂಡು ಹೋಯಿತು ಎಂದ. “ಕಿವಿ ಎಲ್ಲಪ್ಪಾ?” ಎಂದು ಕೇಳಿದೆ. “ಕಿವಿ ತೋಳನ ಹೊಟ್ಟೇಲದೆ ಸ್ವಾಮಿ” ಎಂದ. ಇಡೀ ಶಾಖೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಕುರಿ ಮಾರಿಕೊಂಡು ತೋಳದ ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡೆ. ಹಳ್ಳಿಗೆ ಹೋಗಿ ನಾಲ್ಕು ಜನರನ್ನು ವಿಚಾರಿಸಬಹುದಿತ್ತು. ಅರ್ಜಿಯ ಮೇಲೆ ಒಂದು ಷರಾ ಬರೆದು ಮೇಲಕ್ಕೆ ಕಳಿಸಬಹುದಿತ್ತು. ಯಾವುದನ್ನೂ ಮಾಡಲಿಲ್ಲ. ಅವನು ಇಲ್ಲದ ಕುರಿಗಳ ಕಂತನ್ನೂ ತಿಂಗಳು ತಿಂಗಳು ಕಟ್ಟಿದ. ಆ ರಸೀದಿಗಳನ್ನು ಬರೆದವನೂ ನಾನೇ.

ವರ್ಷಗಟ್ಟಲೆ ಈ ಪ್ರಸಂಗವನ್ನು ನಾನು ಮನೆಗೆ ಬಂದವರಿಗೆಲ್ಲ ನಗೆಹನಿಯಂತೆ ಹೇಳಿದ್ದೇನೆ. ನನ್ನವಳು ಒಂದು ದಿನವೂ ನಕ್ಕಿರಲಿಲ್ಲ. ಅವತ್ತು ಆ ಗುಡ್ಡಗಳನ್ನೇ ನೋಡುತ್ತ, “ಹಾಗಾದರೆ ಇಲ್ಲಿ ತೋಳ ಇತ್ತು. ಸರ್ಕಾರವೇ ಬರೆದುಕೊಂಡಿತ್ತು” ಎಂದಳು. ಹೌದು. ಅವನು ನನ್ನ ಮುಂದೆ ನಿಲ್ಲುವ ಹೊತ್ತಿಗೆ ಈ ವನ್ಯಧಾಮಕ್ಕೆ ಎಂಟೊಂಬತ್ತು ವರ್ಷವಾಗಿತ್ತು. ಹತ್ತಿರದಲ್ಲೇ ಇದ್ದ ನನಗೆ ಅದು ತಿಳಿದಿರಲಿಲ್ಲ.

ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಬುತ್ತಿ ತಿಂದೆವು. ಯೋಗನರಸಿಂಹನ ಬೆಟ್ಟಕ್ಕೆ ಕೆಳಗಿನಿಂದಲೇ ಕೈ ಮುಗಿದೆವು, ಮಂಡಿಗೆ ಅಷ್ಟೇ ಸಾಧ್ಯ. ಮೊಮ್ಮಗನಿಗೆಂದು ಒಂದು ಪೊಟ್ಟಣ ಪುಳಿಯೋಗರೆ ಗೊಜ್ಜು ಕೊಂಡೆವು.

ರಾತ್ರಿ ಅವನು ಫೋನ್ ಮಾಡಿ, “ತೋಳ ಸಿಕ್ತಾ?” ಎಂದ. ಸಿಗಲಿಲ್ಲ ಎಂದು ಹೇಳಿ ಈ ಕಥೆಯನ್ನು ಹೇಳಿದೆ. ಈ ಸಲ ನಗೆಹನಿಯಂತೆ ಹೇಳಲಿಲ್ಲ. ಅವನಿಗೆ ‘ತೋಳ ಬಂತು ತೋಳ’ ಕಥೆ ಗೊತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕಥೆಯ ಹುಡುಗ ಮೊದಲು ಸುಳ್ಳು ಹೇಳಿದ್ದ, ಅದಕ್ಕೇ ಯಾರೂ ನಂಬಲಿಲ್ಲ. ಇವರು ಸುಳ್ಳೇ ಹೇಳಿರಲಿಲ್ಲವಲ್ಲ ತಾತಾ, ನೀವು ಯಾಕೆ ನಂಬಲಿಲ್ಲ?” ಎಂದ.

ನಿಯಮ ಹಾಗಿತ್ತಪ್ಪ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ, “ತಪ್ಪು ಮಾಡಿದೆ ಮರಿ” ಎಂದೆ.

ಬೇಸಿಗೆ ರಜೆಗೆ ಅವನು ಮೈಸೂರಿಗೆ ಬರುತ್ತಾನೆ. ಬಂದಾಗ ಮೂವರೂ ಮತ್ತೆ ಮೇಲುಕೋಟೆಗೆ ಹೋಗುವುದೆಂದು ಮಾತಾಗಿದೆ. ನೀವು ಹೋದರೂ ದರ್ಶನ ಮುಗಿಸಿ, ಪುಳಿಯೋಗರೆ ತಿಂದು, ಆ ಕುರುಚಲು ಗುಡ್ಡಗಳ ಕಡೆ ಐದು ನಿಮಿಷ ಸುಮ್ಮನೆ ನಿಂತು ನೋಡಿ. ಕುರಿ ಕಾಯುವವರು ಸಿಕ್ಕರೆ ಮಾತಾಡಿಸಿ. ಅವರು ಏನು ಹೇಳಿದರೂ ಪೂರ್ತಿ ಕೇಳಿಸಿಕೊಳ್ಳಿ.