ಹೊಸಕೋಟೆಯ ಕಡಲಕಾಗೆ

ಕನ್ನಡ ಮೇಷ್ಟರಿಗೆ ಒಂದು ಚಟವಿರುತ್ತದೆ: ಹೆಸರು ಸಿಕ್ಕಿದರೆ ವಸ್ತುವೇ ಸಿಕ್ಕಿತೆಂದು ತಿಳಿಯುವುದು. ಕಳೆದ ಚಳಿಗಾಲದಲ್ಲಿ ಈ ಚಟ ನನ್ನನ್ನು ಚೆನ್ನಾಗಿ ಪೇಚಿಗೆ ಸಿಕ್ಕಿಸಿತು.

ನನ್ನ ತಾಯಿ ಗಂಗೊಳ್ಳಿಯವರು. ತಂದೆ ತೀರಿಕೊಂಡ ಮೇಲೆ ಅವರನ್ನು ವೈಟ್‌ಫೀಲ್ಡಿನ ನಮ್ಮ ಎಂಟನೆಯ ಮಹಡಿಯ ಮನೆಗೆ ಕರೆತಂದು ಎರಡು ವರ್ಷವಾಯಿತು. ಕರೆತಂದೆನೆಂಬುದು ನನ್ನ ಮಾತು. ಅವರ ಲೆಕ್ಕದಲ್ಲಿ ಅವರು ನಾಲ್ಕು ದಿನ ಇದ್ದು ಹೋಗಲು ಬಂದವರು. ಕಿಟಕಿ ತೆರೆದರೆ ಗಾಜಿನ ಕಚೇರಿಗಳು, ಅವುಗಳ ಕೆಳಗೆ ಮಿಸುಕಾಡದ ಕಾರುಗಳ ಸಾಲು. "ಊರಿಗೆ ಹೋಪುದ್ ಯಾವಾಗ?" ಎಂಬ ಪ್ರಶ್ನೆ ವಾರಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ಈ ನಡುವೆ ಊರಿನ ಮನೆಯನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು. ಅದನ್ನು ಮನೆಯೊಳಗೆ ಕುಳಿತು ಹೇಳಲಾರದೆ, ತೆರೆದ ನೀರಿನ ಮುಂದೆ ಹೇಳಿದರೆ ಸುಲಭವಾದೀತೆಂದು, ಜನವರಿಯ ಒಂದು ಭಾನುವಾರ ಅವರನ್ನು ಹೊಸಕೋಟೆಯ ಕೆರೆಗೆ ಕರೆದೊಯ್ದೆ.

ಕೆರೆಯಲ್ಲಿ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಅವುಗಳಾಚೆ, ಬಲೆ ಎಳೆಯುವ ತೆಪ್ಪದ ಮೇಲೆ, ಒಂದು ಬಿಳಿಯ ಹಕ್ಕಿ ಸುತ್ತು ಹಾಕುತ್ತಿತ್ತು. ಅಮ್ಮ ನನ್ನ ತೋಳು ಹಿಡಿದರು. "ಮಗಾ, ಇದ್ ಗಂಗೊಳ್ಳಿ ಹಕ್ಕಿ ಅಲ್ದಾ? ಪಾಪ, ದಾರಿ ತಪ್ಪಿತ್ ಕಾಣ್!"

ನನಗೂ ಹಾಗೆಯೇ ಅನ್ನಿಸಿತು. ಹುಡುಗನಾಗಿದ್ದಾಗ ದೋಣಿಗಳ ಹಿಂದೆ ನೂರಾರು ಕಡಲಕಾಗೆಗಳು ಕೂಗುತ್ತ ಬರುವುದನ್ನು ನೋಡಿದವನು ನಾನು. ಹೆಸರೇ ಹೇಳುತ್ತದಲ್ಲ, ಕಡಲಿನದೆಂದು. ಆದರೆ ದಡಕ್ಕೆ ಬಂದ ಮೀನುಗಾರ ನಕ್ಕ. "ದಾರಿ ತಪ್ಪೋದೇನು ಬಂತಜ್ಜಿ! ಚಳಿಗಾಲಕ್ಕೆ ಎರಡೋ ನಾಕೋ ಬತ್ತವೆ."

ಮೊಬೈಲಿನಲ್ಲಿ ಹಿಡಿದ ಚಿತ್ರಗಳನ್ನು ಮರುದಿನ ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರ ಮುಂದಿಟ್ಟೆ. ರೀವ ಹಕ್ಕಿಯಲ್ಲ ಎಂಬುದು ಮೊದಲ ನೋಟಕ್ಕೇ ತೀರ್ಮಾನವಾಯಿತು. ರೀವದ್ದು ತೆಳು ಮೈ, ಚೂಪು ಕೊಕ್ಕು. ಉಳಿದದ್ದು ಎರಡು ಕಡಲಕಾಗೆಗಳ ನಡುವಿನ ವ್ಯಾಜ್ಯ: ಕಂದುತಲೆಯದೋ, ಕರಿತಲೆಯದೋ? ತಲೆ ನೋಡಿದರಾಯಿತಲ್ಲ ಎಂದೆ. ಅವರು ಕನಿಕರದಿಂದ ನನ್ನನ್ನು ನೋಡಿದರು. ಚಳಿಗಾಲದಲ್ಲಿ ಎರಡರ ತಲೆಯೂ ಬಿಳಿಯೇ. ಕಣ್ಣಿನ ಹಿಂದೆ ಶಾಯಿ ಒರೆಸಿದಂಥ ಒಂದು ಕಲೆ ಮಾತ್ರ ಉಳಿದಿರುತ್ತದೆ. (ಹೆಸರನ್ನು ನಂಬಿ ಕೆಟ್ಟದ್ದು ಇದು ಎರಡನೆಯ ಸಲ.) ನೋಡಬೇಕಾದದ್ದು ರೆಕ್ಕೆಯ ತುದಿ. ಕರಿತಲೆಯದರ ರೆಕ್ಕೆಗೆ ಮುಂಬದಿಯಲ್ಲಿ ಬಿಳಿಯ ಪಟ್ಟಿ, ಹಿಂಬದಿಯಲ್ಲಿ ಕಪ್ಪಿನ ಅಂಚು. ನಮ್ಮದರ ತುದಿ ಅಗಲವಾಗಿ ಕಪ್ಪು, ಆ ಕಪ್ಪಿನೊಳಗೆ ಕನ್ನಡಿ ಚೂರಿನಂಥ ಬಿಳಿಯ ಬೊಟ್ಟು; ಕಣ್ಣೂ ತಿಳಿಯದು. ಕಂದುತಲೆಯದೇ ಎಂದಾಯಿತು.

ಅದರ ತವರು ಯಾವುದೆಂದು ಕೇಳಿದೆ. ಲಡಾಖ್, ಟಿಬೆಟ್, ಅದರಾಚೆಯ ಎತ್ತರದ ಬಯಲುಗಳು ಎಂದರು. ಸಮುದ್ರ ಮಟ್ಟದಿಂದ ಸುಮಾರು 4,500 ಮೀಟರ್ ಮೇಲಿರುವ ತ್ಸೊ ಮೊರಿರಿಯಂಥ ಸರೋವರಗಳ ಜೌಗಿನಲ್ಲಿ ಅದು ಬೇಸಗೆಯಲ್ಲಿ ಗೂಡು ಕಟ್ಟಿ ಮರಿಮಾಡುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಬಾತುಗಳೂ ತ್ಸೊ ಮೊರಿರಿಯಲ್ಲಿ ಮರಿಮಾಡುತ್ತವಂತೆ. ನೀರು ಹೆಪ್ಪುಗಟ್ಟುವ ಮುನ್ನ ಕೆಳಗಿಳಿದು ಬರಲೇಬೇಕು. ಬೇಕಾದದ್ದು ಬಯಲು ನೀರು, ಮೀನು, ಹುಳ, ಬಲೆ ಎಳೆಯುವವರು ಚೆಲ್ಲುವ ಚೂರುಪಾರು. ಅದು ಗಂಗೊಳ್ಳಿಯಾದರೇನು, ಹೊಸಕೋಟೆಯಾದರೇನು. ಕಡಲು ಅದರ ಚಳಿಗಾಲದ ಬಿಡಾರ. ನಲವತ್ತು ವರ್ಷ ನಾನು ನಮ್ಮೂರಿನದೆಂದುಕೊಂಡ ಹಕ್ಕಿ ನಮ್ಮೂರಿಗೂ ನೆಂಟನೇ!

ಇದನ್ನೆಲ್ಲ ಸಂಜೆ ಅಮ್ಮನಿಗೆ ವಿವರಿಸಿದೆ. ಲಡಾಖ್ ಅವರಿಗೆ ಹಿಡಿಸಿದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ್ ವಾಪಸ್ ಹೋಪುದ್ ಯಾವಾಗ?" ಎಂದರು.

"ಏಪ್ರಿಲ್ ಹೊತ್ತಿಗೆ. ಅಷ್ಟರಲ್ಲಿ ತಲೆಗೆ ಕಂದು ಬಣ್ಣ ಬಂದಿರುತ್ತದೆ."

"ಹಾಂಗಾರೆ ನಾನೂ ಆಗಳೇ ಹೋತೆ" ಎಂದು ಅಮ್ಮ ದೀಪ ಹಚ್ಚಲು ಎದ್ದರು. ಮನೆಯ ಮಾತು ಆ ದಿನವೂ ನನ್ನ ಬಾಯಿಂದ ಹೊರಡಲಿಲ್ಲ.