ಬಂಡಿಯ ಎತ್ತರ

ಪಟ್ಟಣದ ಗೃಹಸ್ಥನು ತನ್ನ ಮೋಟಾರಿಗೆ ಟೈರು ಕೊಳ್ಳುವುದು ಅರ್ಧ ಗಂಟೆಯ ವ್ಯವಹಾರ. ಅಂಗಡಿಯವನು ಬಗ್ಗಿ ಹಳೆಯ ಟೈರಿನ ಮೈಮೇಲಿನ ಅಂಕಿಗಳನ್ನು ಓದುತ್ತಾನೆ. ಒಳಗಿನಿಂದ ಅದೇ ಅಂಕಿಗಳುಳ್ಳ ಹೊಸದನ್ನು ಉರುಳಿಸಿಕೊಂಡು ಬರುತ್ತಾನೆ. ಗೃಹಸ್ಥನು ಬೆಲೆ ಕೇಳಿ ನಿಟ್ಟುಸಿರು ಬಿಡುತ್ತಾನೆ. ಆ ಅಂಕಿಗಳ ಅರ್ಥವೇನೆಂದು ಆತನು ಕೇಳುವುದಿಲ್ಲ. ಕೇಳಬೇಕಾದ ಪ್ರಸಂಗವೂ ಒದಗುವುದಿಲ್ಲ. ಮೋಟಾರನ್ನು ಕಟ್ಟಿದವನು ಆ ಯೋಚನೆಯನ್ನೆಲ್ಲ ಮೊದಲೇ ಮಾಡಿ ಮುಗಿಸಿರುತ್ತಾನೆ. ಎತ್ತಿನ ಬಂಡಿಗೆ ಗಾಲಿ ಬದಲಾಯಿಸಹೊರಟವನಿಗೆ ಈ ಸೌಕರ್ಯವಿಲ್ಲ. ಅಲ್ಲಿ ಲೆಕ್ಕವನ್ನು ಬುಡದಿಂದ ಹಿಡಿಯಬೇಕು. ಲೆಕ್ಕ ತಪ್ಪಿದರೆ ದಂಡವನ್ನು ಎತ್ತಿನ ಕೊರಳು ತೆರಬೇಕಾಗುತ್ತದೆ.

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿರುವ ಹಿರೇಕೊಟ್ನೆಕಲ್ಲಿನ ಒಂದು ಒಕ್ಕಲು ಮನೆಯಲ್ಲಿ ಇಂಥದೊಂದು ಲೆಕ್ಕ ಮೂರು ತಿಂಗಳು ನಡೆಯಿತು. ಆ ಮನೆಯ ಹಿರಿಯನ ಮದುವೆಯ ವರ್ಷ ಮಾಡಿಸಿದ ಬಂಡಿ. ಮಾಡಿದ ಬಡಿಗನೂ ಹಳಿ ಕಟ್ಟಿದ ಕಮ್ಮಾರನೂ ಎಂದೋ ತೀರಿಕೊಂಡಿದ್ದರು. ಕರಿಜಾಲಿಯ ಮರದ ಗಾಲಿಗಳು, ಎತ್ತರ ನಾಲ್ಕೂವರೆ ಅಡಿ. ಕುಂಭ, ಕುಂಭದಿಂದ ಹೊರಟ ಅರೆಗಳು, ಅರೆಗಳ ತುದಿಗೆ ಬಾಗುಮರದ ಸುತ್ತು, ಆ ಸುತ್ತಿಗೆ ಕಬ್ಬಿಣದ ಹಳಿ. ಹಳಿ ಕಟ್ಟುವುದನ್ನು ಕಂಡವರು ಮರೆಯಲಾರರು. ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಗಿಡ್ಡವಾಗಿಯೇ ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದು ಹಿಗ್ಗಿದಾಗ ಇಕ್ಕಳಗಳಿಂದ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವುದರೊಳಗಾಗಿ ಕೊಡಗಟ್ಟಲೆ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗುತ್ತ ಇಡೀ ಗಾಲಿಯನ್ನು ಅಮುಕಿ ಹಿಡಿಯುತ್ತದೆ; ಕೀಲುಗಳೆಲ್ಲ ಕಿರುಗುಟ್ಟಿ ಬಿಗಿಯಾಗುತ್ತವೆ. ಒಂದು ಮೊಳೆಯ ಆಸರೆಯೂ ಬೇಡ.

ಗಾಲಿ ಅಷ್ಟು ದೊಡ್ಡದಾಗಿದ್ದುದು ಆಡಂಬರಕ್ಕಲ್ಲ. ಅದು ಎರೆಯ ಸೀಮೆ. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುವ ನೆಲ, ಮಳೆ ಬಿದ್ದರೆ ಮೊಣಕಾಲವರೆಗೆ ಹಿಡಿದುಕೊಳ್ಳುತ್ತದೆ. ತುಂಗಭದ್ರೆಯ ಅಣೆಕಟ್ಟಿನಿಂದ ೧೯೫೩ರಲ್ಲಿ ನೀರು ಹರಿಯತೊಡಗಿ, ಮುಂದೆ ಎಡದಂಡೆ ಕಾಲುವೆ ಮಾನ್ವಿಯ ಕಡೆಗೂ ಬಂದ ಮೇಲೆ, ಜೋಳ ಹತ್ತಿಗಳ ಜೊತೆಗೆ ನೆಲ್ಲೂ ಬಂದಿತು; ನೆಲ್ಲಿನೊಂದಿಗೆ ವರ್ಷದಲ್ಲಿ ಬಹುಕಾಲ ಒದ್ದೆಯಾಗಿರುವ ದಾರಿಗಳೂ ಬಂದವು. ಇಂಥ ನೆಲದಲ್ಲಿ ದೊಡ್ಡ ಗಾಲಿಯು ತಗ್ಗನ್ನು ದಾಟಿ ಹೋಗುತ್ತದೆ. ಚಿಕ್ಕ ಗಾಲಿಯು ತಗ್ಗಿಗೆ ಇಳಿದು ಮತ್ತೆ ಏರಬೇಕಾಗುತ್ತದೆ. ಏರಿಸುವವರು ಯಾರು? ಎತ್ತುಗಳೇ.

ಒಂದು ಮಳೆಗಾಲ ಕಳೆದು, ಬಲಗಾಲಿಯ ಬಾಗುಮರ ಎರಡು ಕಡೆ ಸೀಳಿತು. ಹೊಸ ಗಾಲಿ ಮಾಡಬಲ್ಲವರು ಹತ್ತಿರದಲ್ಲಿ ಯಾರೂ ಉಳಿದಿರಲಿಲ್ಲ; ಬಡಿಗನ ಮಕ್ಕಳು ಕಿಟಕಿ ಬಾಗಿಲುಗಳ ಕೆಲಸಕ್ಕೆ ತಿರುಗಿಕೊಂಡಿದ್ದರು. ಹಿರಿಯ ಮಗ ರಾಯಚೂರಿಗೆ ಹೋಗಿ, ಗುಜರಿಯಲ್ಲಿ ಒಂದು ಹಳೆಯ ಜೀಪಿನ ಗಾಲಿಗಳೆರಡನ್ನು ಅಗ್ಗದಲ್ಲಿ ಹಿಡಿದು ತಂದ. ಕಬ್ಬಿಣದ ಅಚ್ಚು ಹಾಕಿಸಿ ಗಾಲಿ ಕೂಡಿಸಿದ್ದಾಯಿತು.

ಮೊದಲ ವಾರ ಮನೆಯಲ್ಲಿ ಹಬ್ಬವೇ. ಹಳಿಯ ಕಟಕಟ ಸದ್ದಿಲ್ಲ, ಕೀಲೆಣ್ಣೆಯ ಕೊಳಕಿಲ್ಲ, ಬಂಡಿ ಬೆಕ್ಕಿನಂತೆ ಬಂದು ಅಂಗಳದಲ್ಲಿ ನಿಲ್ಲುತ್ತಿತ್ತು. ಎಲ್ಲರಿಗಿಂತ ಸಂತೋಷಪಟ್ಟವಳು ಮನೆಯ ಹಿರಿಯಳು. ಅವಳ ಮಂಡಿ ನೋವಿಗೆ ಹಳೆಯ ಬಂಡಿ ಏರಲಾರದ ಗುಡ್ಡವಾಗಿತ್ತು. ಈಗ ಕುರ್ಚಿಯ ಮೇಲೆ ಕುಳಿತಷ್ಟು ಸುಲಭ. ರಬ್ಬರು ಗಾಲಿಯಿಂದ ಎತ್ತಿಗೆ ಹಗುರವೆಂಬುದೂ ಸುಳ್ಳಲ್ಲ. ದುಡಿಯುವ ಪ್ರಾಣಿಗಳ ಮೇಲೆ ಅತಿಭಾರ ಹೇರದಂತೆ ೧೯೬೫ರಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮಗಳು, ಗಾಳಿ ತುಂಬಿದ ಟೈರಿನ ಎತ್ತಿನ ಬಂಡಿಗೆ ಟೈರಿಲ್ಲದ್ದಕ್ಕಿಂತ ಒಂದೂವರೆ ಪಟ್ಟು ಭಾರವನ್ನು ಒಪ್ಪುತ್ತವೆ. ಇನ್ನೊಂದು ಸ್ವಾರಸ್ಯವುಂಟು. ಗಾಳಿ ತುಂಬಿದ ಗಾಲಿ ಹುಟ್ಟಿದ್ದೇ ಪ್ರಾಣಿ ಎಳೆಯುವ ವಾಹನಕ್ಕಾಗಿ: ರಾಬರ್ಟ್ ಥಾಮ್ಸನ್ ಎಂಬಾತ ೧೮೪೫ರಲ್ಲಿ ಅದಕ್ಕೆ ಹಕ್ಕು ಪಡೆದು, ಲಂಡನ್ನಿನಲ್ಲಿ ಕುದುರೆ ಗಾಡಿಗೆ ಹಾಕಿ ಓಡಿಸಿ ತೋರಿಸಿದ. ಜನ ಮರೆತರು. ೧೮೮೮ರಲ್ಲಿ ಅದನ್ನು ಮತ್ತೆ ಕಂಡುಹಿಡಿದ ಡನ್‌ಲಪ್ ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ.

ಆದರೆ ಎರಡನೆಯ ವಾರದಿಂದ ಎಡಗಡೆಯ ಎತ್ತು ನೊಗಕ್ಕೆ ಕೊರಳು ಕೊಡಲು ಹಿಂಜರಿಯತೊಡಗಿತು. ಮೂರನೆಯ ವಾರ ಅದರ ಗಂಟಲ ಕೆಳಗೆ ಹಗ್ಗ ಉಜ್ಜಿದ ಗಾಯ ಕಂಡಿತು, ಆಮೇಲೆ ಬಾವು. ಮಾನ್ವಿಯಿಂದ ಬಂದ ಪಶುವೈದ್ಯರು ಮುಲಾಮು ಕೊಟ್ಟು, ತಿಂಗಳ ಕಾಲ ನೊಗ ಮುಟ್ಟಿಸಬೇಡಿರೆಂದರು. ಹತ್ತಿ ಬಿಡಿಸಿ ಹೊರುವ ಕಾಲವದು. ಬಾಡಿಗೆ ಟ್ರ್ಯಾಕ್ಟರು ಹಿಡಿಯಬೇಕಾಯಿತು. ಹಿಡಿದ ಮೇಲೆ, ಎತ್ತುಗಳು ಯಾಕೆ ಬೇಕೆಂಬ ಪ್ರಶ್ನೆ ಮಗನ ಬಾಯಲ್ಲಿ ಬಂದೇ ಬಂದಿತು. ನ್ಯಾಯವಾದ ಪ್ರಶ್ನೆ. ಎರಡು ಎತ್ತುಗಳ ಮೇವು ಹಿಂಡಿಗಳ ಖರ್ಚು ಟ್ರ್ಯಾಕ್ಟರಿನ ಬಾಡಿಗೆಗಿಂತ ಕಡಿಮೆಯೇನಲ್ಲ. ಮುದುಕ ವಾದಿಸಲಿಲ್ಲ. “ಎಳ್ಳಮಾಸಿ ತನಕ ತಡಿ. ಚರಗ ಚೆಲ್ಲಾಕ ಇವೇ ಬಂಡಿ ಹೂಡ್ಲಿ. ಆಮ್ಯಾಲೆ ನಿನ್ನ ಮಾತು,” ಎಂದಷ್ಟೇ ಅಂದ.

ಗಾಯದ ಕಾರಣ ಮುದುಕನಿಗೆ ಗೊತ್ತಿತ್ತು. ಹಳೆಯ ಬಂಡಿಯಲ್ಲಿ ಅಚ್ಚು ನೆಲದಿಂದ ೨೭ ಅಂಗುಲ ಮೇಲಿತ್ತು. ಅಲ್ಲಿಂದ ಮೂಕಿ ನೆಟ್ಟಗೆ ಸಾಗಿ ಎತ್ತಿನ ಹೆಗಲಿಗೆ ಮುಟ್ಟುತ್ತಿತ್ತು. ಈಗ ಅಚ್ಚು ಕೆಳಗಿಳಿದಿದೆ, ಹೆಗಲು ಇಳಿದಿಲ್ಲ. ಮೂಕಿ ಆಕಾಶ ನೋಡುತ್ತದೆ. ಬಂಡಿ ಹಿಂದಕ್ಕೆ ಜೋಲುತ್ತದೆ. ಹೇರಿದ ಭಾರವೂ ಹಿಂದಕ್ಕೆ ವಾಲಿ, ನೊಗವನ್ನು ಮೇಲಕ್ಕೆತ್ತುತ್ತದೆ. ನೊಗ ಎದ್ದರೆ ಕೊರಳ ಹಗ್ಗ ಗಂಟಲನ್ನು ಒತ್ತುತ್ತದೆ. ಮಗ ಇದನ್ನು ತಾನೂ ಕಂಡು, ಮೂಟೆಗಳನ್ನು ಮುಂದಕ್ಕೆ ಸರಿಸಿ ಹೇರಿ ನೋಡಿದ್ದ. ಸಮನೆಲದಲ್ಲಿ ಸರಿಹೋಯಿತು; ಕಾಲುವೆಯ ಏರಿಯಿಂದ ಇಳಿಯುವಾಗ ಅಷ್ಟೂ ಭಾರ ಹೆಗಲ ಮೇಲೆ ಬಂದು ಕುಳಿತಿತು. ಎರಡು ಗಾಲಿಯ ಬಂಡಿ ತಕ್ಕಡಿ ಇದ್ದಂತೆ. ಅದರ ದಂಡವನ್ನು ಒಮ್ಮೆ ಓರೆ ಮಾಡಿದರೆ ತೂಕ ಎಲ್ಲಿಟ್ಟರೂ ಮೋಸ.

ಎಳ್ಳಮಾವಾಸ್ಯೆಗೆ ಹತ್ತು ದಿನ ಮೊದಲು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗ ರಜೆ ಹಾಕಿ ಬಂದ. ಹೊಸ ಗಾಲಿಗಳ ಮೋಟಾರಿನಲ್ಲಿ ಬಂದ ಎನ್ನಬೇಕು. ಮೋಟಾರು ಹಳೆಯದು, ಗಾಲಿಗಳಷ್ಟೇ ಹೊಸವು, ಬೆಳ್ಳಿಯಂತೆ ಹೊಳೆಯುತ್ತಿದ್ದವು. ಅಮೇರಿಕದಲ್ಲಿ ೧೯೬೪ರ ಪಾಂಟಿಯಾಕ್ ಜಿಟಿಓ ಮೊದಲಾದ ಬಲಿಷ್ಠ ಎಂಜಿನ್ನಿನ ಮೋಟಾರುಗಳನ್ನು ಇಂದಿಗೂ ಸಾಕುವವರು, ಮೂಲದ ೧೪ ಅಂಗುಲದ ಗಾಲಿ ತೆಗೆದು ೧೭ರದ್ದನ್ನು ಹಾಕುತ್ತಾರಂತೆ. ಆದರೆ ಮೋಟಾರಿನ ಮೈ ಕಾರ್ಖಾನೆಯಿಂದ ಬಂದ ಎತ್ತರದಲ್ಲೇ ನಿಲ್ಲಬೇಕೆಂದು ಹಟ ಹಿಡಿಯುತ್ತಾರಂತೆ. ಈ ವಿದ್ಯೆ ಮೊಮ್ಮಗನಿಗೆ ಕರಗತವಾಗಿತ್ತು. ಆತ ಅಂಗಳದ ಹಾಸುಗಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದ: “ನೋಡು ತಾತ, ನನ್ನ ಹಳೆಯ ಟೈರು ೧೭೫/೭೦ ಆರ್ ೧೩. ಅಗಲ ೧೭೫ ಮಿಲಿಮೀಟರು. ರಬ್ಬರಿನ ಎತ್ತರ ಅದರ ನೂರಕ್ಕೆ ೭೦, ಅಂದರೆ ಒಂದು ಕಡೆಗೆ ನೂರಿಪ್ಪತ್ತೆರಡೂವರೆ. ನಡುವಿನ ಲೋಹದ ಗಾಲಿ ೧೩ ಅಂಗುಲ, ಅಂದರೆ ೩೩೦. ಎಲ್ಲ ಕೂಡಿದರೆ ೫೭೫. ಹೊಸದು ೧೯೫/೫೦ ಆರ್ ೧೫. ಲೋಹ ೩೮೧, ರಬ್ಬರು ಎರಡೂ ಕಡೆ ಸೇರಿ ೧೯೫, ಕೂಡಿದರೆ ೫೭೬. ಒಂದೇ ಮಿಲಿಮೀಟರಿನ ಫರಕು!”

ಮುದುಕ ಗಾಲಿಯನ್ನು ಸುತ್ತಿ ಬಂದು, ಎಡಮುಂಭಾಗದ ರಿಮ್ಮಿನ ಅಂಚನ್ನು ಬೆರಳಿನಿಂದ ಸವರಿದ. ಊರ ಹಾದಿಯ ಯಾವುದೋ ತಗ್ಗಿನಲ್ಲಿ ಬಿದ್ದು ಅಲ್ಲಿ ಲೋಹ ಬಾಗಿತ್ತು. ನೂರಿಪ್ಪತ್ತೆರಡೂವರೆ ಮಿಲಿಮೀಟರು ರಬ್ಬರಿದ್ದ ಜಾಗದಲ್ಲಿ ಈಗ ಇದ್ದುದು ತೊಂಬತ್ತೇಳೂವರೆ. ಎತ್ತರ ಉಳಿದಿತ್ತು, ಪೆಟ್ಟು ನುಂಗುವ ಮೆತ್ತೆ ಅಷ್ಟರಮಟ್ಟಿಗೆ ಹೋಗಿತ್ತು. ಮುದುಕ ಏನೂ ಅನ್ನಲಿಲ್ಲ. ಮೊಮ್ಮಗನೂ ಆ ಮಾತೆತ್ತದೆ, ಬಂಡಿಯ ಲೆಕ್ಕಕ್ಕೆ ತಿರುಗಿದ.

ಜೀಪಿನ ಟೈರಿನ ಅಳತೆ ೬.೦೦-೧೬. ಇದು ಹಳೆಯ ಪದ್ಧತಿಯ ಬರವಣಿಗೆ: ಅಗಲ ಆರು ಅಂಗುಲ, ಒಳಗಿನ ರಿಮ್ಮು ಹದಿನಾರು. ಈ ಜಾತಿಯ ಟೈರಿನಲ್ಲಿ ಅಗಲವೆಷ್ಟೋ ಎತ್ತರವೂ ಸರಿಸುಮಾರು ಅಷ್ಟೇ. ಆದ್ದರಿಂದ ಒಟ್ಟು ಸುಮಾರು ೨೮ ಅಂಗುಲ. ಅಚ್ಚು ನಿಲ್ಲುವುದು ೧೪ರಲ್ಲಿ. ಹಳೆಯ ಬಂಡಿಗಿಂತ ೧೩ ಅಂಗುಲ ಕೆಳಗೆ! “ಅಚ್ಚಿಗೂ ಬಂಡಿಗೂ ನಡುವೆ ೧೩ ಅಂಗುಲದ ದಿಮ್ಮಿ ಇಟ್ಟರೆ ಮುಗೀತಲ್ಲ?” ಎಂದ ಮೊಮ್ಮಗ. ಮೇಲಿನ ಲೆಕ್ಕಕ್ಕೆ ಇದು ಸರಿಯಾದ ಉತ್ತರವೇ. ಮೂಕಿ ಮತ್ತೆ ಸಮವಾಗುತ್ತದೆ, ಕೊರಳಿಗೆ ನೆಮ್ಮದಿ.

ಮುದುಕ ತಲೆಯಾಡಿಸಿದ. “ಕೊಳ್ಳಿನ ಲೆಕ್ಕ ಹೇಳ್ದಿ. ದಾರಿ ಲೆಕ್ಕ ಯಾರು ಹೇಳ್ಬೇಕು?”

ಇಬ್ಬರೂ ಎರೆಯ ಹೊಲದ ದಾರಿಗೆ ಹೋಗಿ ನೋಡಿದರು. ಒಣಗಿದ ಕೆಸರಿನಲ್ಲಿ ಟ್ರ್ಯಾಕ್ಟರುಗಳು ತೋಡಿದ ಕಾಲುವೆಯಂಥ ಜಾಡುಗಳು. ಜೀಪಿನ ಗಾಲಿ ಅದರಲ್ಲಿ ಅರ್ಧ ಮುಳುಗುತ್ತಿತ್ತು. ದಿಮ್ಮಿಯು ಬಂಡಿಯನ್ನು ಎತ್ತರಿಸಬಲ್ಲದು, ಗಾಲಿಯನ್ನು ದೊಡ್ಡದು ಮಾಡಲಾರದು. ಬಂಡಿಯ ಎತ್ತರ ಎತ್ತಿನ ಕೊರಳಿಗೆ ಸೇರಿದ ಮಾತು. ಗಾಲಿಯ ದೊಡ್ಡತನ ನೆಲಕ್ಕೆ ಸೇರಿದ ಮಾತು. ಮರದ ಗಾಲಿಯಲ್ಲಿ ಇವೆರಡೂ ಒಂದೇ ಅಳತೆಯಲ್ಲಿ ಅಡಗಿದ್ದುದರಿಂದ ಹಿಂದಿನವರು ಅವನ್ನು ಬೇರೆ ಮಾಡಿ ಯೋಚಿಸಬೇಕಾಗಿರಲಿಲ್ಲ. ರಬ್ಬರು ಬಂದಾಗ ಎರಡೂ ಬಿಡಿಯಾದವು. ಮೊಮ್ಮಗನ ಮೋಟಾರಿಗೆ ಆದದ್ದೂ ಬೇರೆಯಲ್ಲ: ಎತ್ತರದ ಲೆಕ್ಕ ಸರಿಯಿತ್ತು, ದಾರಿಯ ಲೆಕ್ಕ ಉಳಿದುಹೋಗಿತ್ತು.

ಹಾಗಾದರೆ ಲಾರಿಯ ಗಾಲಿ? ೯.೦೦-೨೦ರ ಅಳತೆಯದಾದರೆ ೩೮ ಅಂಗುಲಕ್ಕೂ ಮೀರಬಹುದು. ಆದರೆ ಅದರ ರಿಮ್ಮಿನ ತೂಕವೇ ಎತ್ತಿಗೆ ಹೊರೆ. ಬಂಡಿ ಬರಿದಾಗಿದ್ದರೂ ಆ ಭಾರವನ್ನು ಎಳೆಯುತ್ತಲೇ ಇರಬೇಕು. ಕೊನೆಗೆ ಎತ್ತಿನ ಬಂಡಿಗೆಂದೇ ತಯಾರಾಗುವ ೮.೦೦-೧೯ರ ಟೈರಿನ ಮೇಲೆ ಮನಸ್ಸು ನಿಂತಿತು. ಹತ್ತೊಂಬತ್ತಕ್ಕೆ ಹದಿನಾರು ಕೂಡಿ ೩೫ ಅಂಗುಲ. ಜಾಡಿನಲ್ಲಿ ಮುಳುಗದಷ್ಟು ದೊಡ್ಡದು, ಎಂಟಂಗುಲ ಅಗಲದಿಂದಾಗಿ ಕೆಸರನ್ನು ಹಳಿಯಂತೆ ಕೊಯ್ಯುವುದಿಲ್ಲ. ಜಾಲಿಮುಳ್ಳಿನ ಭಯ ಇದ್ದೇ ಇದೆ. ಮನೆಯಲ್ಲಿ ಒಂದು ಪಂಪು ಇಟ್ಟುಕೊಳ್ಳಬೇಕು. ಅಚ್ಚು ಹದಿನೇಳೂವರೆಯಲ್ಲಿ ನಿಲ್ಲುವುದರಿಂದ ದಿಮ್ಮಿಯ ದಪ್ಪ ಒಂಬತ್ತೂವರೆ ಅಂಗುಲವೆಂದು ಮೊಮ್ಮಗ ಬರೆದ.

ಮುದುಕ ಅದನ್ನೂ ಒಪ್ಪಲಿಲ್ಲ. ಗಾಲಿ ಕೂಡಿಸಿ, ಜೋಳದ ಚೀಲಗಳನ್ನು ಹೇರಿಸಿ, ಆಮೇಲೆ ಹಗ್ಗ ಹಿಡಿದು ಅಚ್ಚಿನ ಎತ್ತರ ಅಳೆದ. ಭಾರ ಬಿದ್ದೊಡನೆ ಟೈರಿನ ಬುಡ ಚಪ್ಪಟೆಯಾಗಿ, ಅಚ್ಚು ಒಂದಂಗುಲ ಕೆಳಗಿಳಿದಿತ್ತು. ಮರದ ಗಾಲಿ ಹೇರಿದರೂ ಬರಿದಾದರೂ ಒಂದೇ ಎತ್ತರ; ಗಾಳಿಯ ಗಾಲಿಗೆ ಆ ನಿಯತ್ತಿಲ್ಲ. ದಿಮ್ಮಿ ಹತ್ತೂವರೆ ಅಂಗುಲವಾಯಿತು. ಮೊಮ್ಮಗ ಹಾಸುಗಲ್ಲಿನ ಮೇಲೆ ತಾನು ಬರೆದುದನ್ನು ಕಾಲಿನಿಂದ ಒರಸಿ ತಿದ್ದಿದ.

ಜೀಪಿನ ಗಾಲಿಗಳು ಕೊಂಡದ್ದಕ್ಕಿಂತ ಕಡಿಮೆ ಬೆಲೆಗೆ ಗುಜರಿಗೇ ಮರಳಿದವು. ಮಗ ಆ ನಷ್ಟದ ಮಾತನ್ನು ಎರಡು ಸಲ ಎತ್ತಿ ಸುಮ್ಮನಾದ.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಎತ್ತುಗಳಿಗೆ ಮೈ ತೊಳೆದು ಬಂಡಿ ಹೂಡಿದರು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಡುಬು, ಶೇಂಗಾ ಹೋಳಿಗೆಗಳ ಬುಟ್ಟಿಗಳು ಏರಿದವು. ಹೆಂಗಸರು ಮಕ್ಕಳು ಏರಿದರು. ಮನೆಯ ಹಿರಿಯಳು ಮಾತ್ರ ಹತ್ತೂವರೆ ಅಂಗುಲದ ದಿಮ್ಮಿಯನ್ನು ಬೈದುಕೊಂಡು, ಮಗನ ಹೆಗಲನ್ನೂ ಒಂದು ಮಣೆಯನ್ನೂ ಆಶ್ರಯಿಸಿ ಮೇಲೇರಬೇಕಾಯಿತು. “ಎತ್ತಿಗಿರೋ ಕಾಳಜಿ ನನ್ ಮಂಡೀಗಿಲ್ಲ,” ಎಂದಳು. ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಮುದುಕ ಬಂಡಿಯಲ್ಲಿ ಕೂರಲಿಲ್ಲ. ಎಡಗಡೆಯ ಎತ್ತಿನ ಪಕ್ಕದಲ್ಲಿ ನಡೆದ. ಕಾಲುವೆಯ ಏರಿಯನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಕೊರಳ ಹಗ್ಗಕ್ಕೂ ಗಂಟಲಿಗೂ ನಡುವೆ ಬೆರಳು ತೂರಿಸಿ ನೋಡಿದ. ಎರಡು ಸಲವೂ ಎರಡು ಬೆರಳು ಸಲೀಸಾಗಿ ಹೋದವು.