ಗರಗಸದಿಂದ ಲಗ್ನಪತ್ರಿಕೆಯವರೆಗೆ

ಅಕ್ಷರಮಾಲೆಯ ಯಾವ ಪಟವನ್ನಾದರೂ ತೆಗೆದು ನೋಡಿ, ಋ ಪಕ್ಕದಲ್ಲಿ ಒಬ್ಬ ಋಷಿ ಕೂತಿರುತ್ತಾನೆ. ಉದ್ದ ಗಡ್ಡ, ಜಟೆ, ಪಕ್ಕದಲ್ಲೊಂದು ಕಮಂಡಲ. ಪ್ರಕಾಶಕರು ಬದಲಾದರೂ ಋಷಿ ಕದಲಿಲ್ಲ. ಆರು ವರ್ಷದ ಮಗು ಇಲಿ ನೋಡಿರುತ್ತದೆ, ಉಂಗುರ ನೋಡಿರುತ್ತದೆ, ಪುಣ್ಯವಿದ್ದರೆ ಆನೆಯನ್ನೂ ನೋಡಿರುತ್ತದೆ. ಋಷಿಯನ್ನು ಎಲ್ಲಿಂದ ನೋಡಬೇಕು? ಅದು ತನಗೆ ಕಂಡದ್ದನ್ನು ಹೇಳುತ್ತದೆ: 'ತಾತ'. ಮೇಷ್ಟ್ರು 'ಋ' ಅನ್ನುತ್ತಾರೆ, ಮಗು 'ತಾತ' ಅನ್ನುತ್ತದೆ. ಇನ್ನು ಙ, ಞಗಳ ಪಾಡು ಹೇಳತೀರದು. ಅವಕ್ಕೆ ಚಿತ್ರವೂ ಇಲ್ಲ, ಅವುಗಳಿಂದ ಶುರುವಾಗುವ ಪದವೂ ಇಲ್ಲ.

ವರ್ಣಮಾಲೆಯನ್ನು ಜೋಡಿಸಿದವರು ದಡ್ಡರೇನಲ್ಲ. ಕಂಠದಿಂದ ಹೊರಟು ತುಟಿಗೆ ಬರುವಂತೆ ವರ್ಗಗಳನ್ನು ಕೂರಿಸಿದ್ದಾರೆ, ವ್ಯಾಕರಣ ಬಲ್ಲವರಿಗೆ ಅದು ಹಬ್ಬ. ಆದರೆ ಮಗುವಿನ ಕಡೆಯಿಂದ ಲೆಕ್ಕ ಹಾಕಿ. ಅ ಇಂದ ಔ ತನಕ ಸ್ವರಗಳನ್ನೆಲ್ಲ ತಿದ್ದಿ ಮುಗಿಸಿದರೂ ಅದಕ್ಕೆ 'ಅಮ್ಮ' ಎಂದು ಬರೆಯಲು ಬರುವುದಿಲ್ಲ. ಮ ಬೇಕಾದರೆ ವರ್ಗೀಯ ವ್ಯಂಜನಗಳ ಕೊನೆಯ ತನಕ ಕಾಯಬೇಕು, ಒತ್ತು ಬೇಕಾದರೆ ಇನ್ನೂ ಬಹಳ ದೂರ. ಅಷ್ಟರಲ್ಲಿ ಅರ್ಧ ಮಕ್ಕಳಿಗೆ ಓದು ಎಂದರೆ ಅರ್ಥವಿಲ್ಲದ ಶಬ್ದಗಳನ್ನು ರಾಗವಾಗಿ ಕೂಗುವುದು ಎಂದಾಗಿಬಿಟ್ಟಿರುತ್ತದೆ.

ಇದನ್ನು ತಲೆಕೆಳಗು ಮಾಡಿದ ಊರು ಹೆಗ್ಗಡದೇವನಕೋಟೆ. 1995ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಶುರುವಾಯಿತು. ಮಾದರಿ ಸಿಕ್ಕಿದ್ದು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯಿಂದ, ನೆರವು ಯುನಿಸೆಫ್‌ನಿಂದ. ನಮ್ಮ ಋಷಿ ಕೊನೆಗೂ ಒಂದು ಉಪಕಾರ ಮಾಡಿದ ಅನ್ನಿ. ಅಕ್ಷರಗಳನ್ನು ಹೇಳಿಕೊಡುವ ಕ್ರಮವನ್ನೇ ನಲಿ-ಕಲಿ ಬದಲಿಸಿತು. ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಕೈಗೆ ಸುಲಭ, ಸೇರಿಸಿದರೆ ಪದ. ಈ ಐದೇ ಅಕ್ಷರಗಳಲ್ಲಿ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಆಗುತ್ತವೆ. ಶಾಲೆಗೆ ಸೇರಿ ಸ್ವಲ್ಪ ದಿನಕ್ಕೇ ಮಗು 'ಗರಗಸ' ಎಂದು ಓದಿ, ಮನೆಯಲ್ಲಿ ಅಪ್ಪನ ಗರಗಸ ತೋರಿಸುತ್ತದೆ. ಆಮೇಲೆ ಜ, ವ, ಮ, ಬ, ನ ಬಂದವೋ, ಮರ, ಜನ, ಬಸವ, ಅವಸರ ಎಲ್ಲ ಸಾಲುಗಟ್ಟಿ ಬರುತ್ತವೆ. 'ಬಸವನ ಗರಗಸ' ಎಂದರೆ ಆಗಲೇ ಅರ್ಧ ಕಥೆ.

ಇದರ ಜೊತೆಗೆ ಮಗು ಹಂತಹಂತವಾಗಿ ಹತ್ತುವ ಕಲಿಕಾ ಏಣಿ, ಅದರಲ್ಲಿನ ಮೈಲಿಗಲ್ಲುಗಳು, ಚಿತ್ರದ ಗುರುತಿರುವ ಕಾರ್ಡುಗಳು, ಯಾವ ಗುಂಪಿನಲ್ಲಿ ಕೂರಬೇಕೆಂದು ತೋರಿಸುವ ಗುಂಪು ತಟ್ಟೆಗಳು, ಮಕ್ಕಳ ಎತ್ತರಕ್ಕೆ ಗೋಡೆಯುದ್ದಕ್ಕೂ ಕಪ್ಪುಹಲಗೆ, ತಲೆಯ ಮೇಲೆ ಮಕ್ಕಳು ಮಾಡಿದ್ದನ್ನು ತೂಗುಹಾಕುವ ಚಪ್ಪರ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಹರಡಿದ ಮೇಲೆ ಏನಾಗಬೇಕೋ ಅದೂ ಆಯಿತು. ಕೆಲವು ಕಡೆ ಕಾರ್ಡು ಹರಿದುಹೋದವು, ಕೆಲವು ಕಡೆ ಹರಿದಾವೆಂಬ ಭಯಕ್ಕೆ ಟ್ರಂಕು ಸೇರಿದವು. ಒಬ್ಬರೇ ಟೀಚರು ಮೂರು ತರಗತಿ ಸಂಭಾಳಿಸಿಕೊಂಡು, ಪ್ರತಿ ಮಗುವಿನ ಪ್ರಗತಿ ದಾಖಲಿಸಿಕೊಂಡು, ನಡುವೆ ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕು. ನಲಿಯುವುದು ಯಾವಾಗ ಎಂದು ಅವರು ಕೇಳಿದರೆ ತಪ್ಪಿಲ್ಲ.

ಹಿರಿಯರ ತಕರಾರು ಬೇರೆ. 'ಮೂರನೇ ಕ್ಲಾಸಿಗೆ ಬಂದ, ಅ ಆ ಇ ಈ ನೆಟ್ಟಗೆ ಹೇಳಲ್ಲ' ಎಂದು. ಓದುತ್ತಾನಾ ಎಂದರೆ ಓದುತ್ತಾನೆ. ಮತ್ತೇನು ತೊಂದರೆ? ಹೇಳಲ್ಲವಲ್ಲ! ವರ್ಣಮಾಲೆಯ ಕ್ರಮ ನಿಘಂಟು ತೆಗೆಯುವ ಕಾಲಕ್ಕೆ ಬೇಕು, ಆಗ ಒಂದು ವಾರದಲ್ಲಿ ಕಲಿಸಬಹುದು ಎಂಬುದು ನನ್ನ ಪಕ್ಷ. ನಿಘಂಟು ತೆಗೆಯುವ ಮಗು ತಯಾರಾಗಲಿ ಮೊದಲು.

ಅಂದಹಾಗೆ, ಮಕ್ಕಳಿಗೆ ರುಚಿಸುವಂತೆ ಕಲಿಸಬೇಕೆಂಬುದು ತರಬೇತಿ ಶಿಬಿರಗಳಲ್ಲಿ ಹುಟ್ಟಿದ ವಿಚಾರವಲ್ಲ. ಶಾಲಾ ಇನ್‌ಸ್ಪೆಕ್ಟರಾಗಿದ್ದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಹಾಡು, ಕಥೆ ಕಟ್ಟಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನೇ ಶುರುಮಾಡಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಪ್ರಯೋಗ ನಡೆಸಿದರು, ಮಕ್ಕಳಿಗೆಂದು 'ಬಾಲಪ್ರಪಂಚ' ಬರೆದರು. ಕೂಲಿಮಠದ ಐಗಳು ಮರಳ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದದ್ದೂ ಮೂಲದಲ್ಲಿ ಒಳ್ಳೆಯ ಉಪಾಯವೇ. ಕೈಯಲ್ಲಿದ್ದ ಬೆತ್ತ ಅದರ ಹೆಸರು ಕೆಡಿಸಿತು.

ಇಷ್ಟಾದರೂ ನಾನು ಕಂಡ ಅತಿ ಜಾಣ ಪಾಠೋಪಕರಣ ಯಾವ ಇಲಾಖೆಯದೂ ಅಲ್ಲ. ಮೈಸೂರು ಕಡೆಯ ಒಂದು ಹಳ್ಳಿ ಶಾಲೆಯ ಟೀಚರೊಬ್ಬರು ಮಕ್ಕಳಿಗೆ ಹಳೆಯ ಲಗ್ನಪತ್ರಿಕೆ ತರಲು ಹೇಳಿದ್ದರು. ಹಳದಿ, ಕೆಂಪು, ಗಣಪತಿ ಚಿತ್ರ, ಅರಿಶಿನ ಹಚ್ಚಿದ ಮೂಲೆ, ಒಂದೊಂದು ಮಗುವಿನ ಕೈಯಲ್ಲಿ ಒಂದೊಂದು. 'ವರ ಎಲ್ಲವನೆ ಹುಡುಕಿ', 'ಊಟ ಎಷ್ಟು ಗಂಟೆಗೆ', 'ಯಾವ ಛತ್ರ'. ಚಾಪೆಯ ಮೇಲೆ ತಲೆಗಳು ಬಗ್ಗಿದವು. ಒಬ್ಬ ಹುಡುಗಿ 'ಮುಹೂರ್ತ'ಕ್ಕೆ ಬಂದು ನಿಂತಳು. ಈ ಅರ್ಕಾವೊತ್ತು ಮಕ್ಕಳಿಗೆ ಮಹಾ ಕಾಟ: ಬಾಯಲ್ಲಿ ರ್ ಮೊದಲು, ಬರಹದಲ್ಲಿ ಅದರ ಗುರುತು ತ ಆದ ಮೇಲೆ. 'ಮುಹೂತರ' ಎಂದಳು. ಟೀಚರು ತಿದ್ದಲಿಲ್ಲ, 'ತಾಳಿ ಕಟ್ಟೋ ಹೊತ್ತಿಗೆ ಏನಂತಾರೆ ನಿಮ್ಮನೇಲಿ?' ಎಂದರು. ಹುಡುಗಿ ಒಂದು ಗಳಿಗೆ ಸುಮ್ಮನಿದ್ದು, 'ಮೂರ್ತ' ಎಂದು ಕೂಗಿ, ಮತ್ತೆ ಕಾಗದ ನೋಡಿ, ತಾನೇ 'ಮುಹೂರ್ತ' ಮಾಡಿಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬ: 'ಮಿಸ್ಸೇ, ಇದ್ರಲ್ಲಿ ನನ್ನೆಸ್ರು ಅದೆ!' ಪತ್ರಿಕೆಯ ಕೆಳಗೆ 'ನಮ್ಮ ಮಾವನ ಮದುವೆಗೆ ತಪ್ಪದೆ ಬನ್ನಿ' ಎಂದು ಚಿಳ್ಳೆಪಿಳ್ಳೆಗಳ ಹೆಸರು ಹಾಕುತ್ತಾರಲ್ಲ, ಅಲ್ಲಿ. ಅಚ್ಚಾದ ತನ್ನ ಹೆಸರನ್ನು ಅವನು ತರಗತಿಗೆಲ್ಲ ತೋರಿಸಿಕೊಂಡು ಬಂದ. ಅವತ್ತು ಆ ಪತ್ರಿಕೆಯನ್ನು ಓದದ ಮಗು ಉಳಿಯಲಿಲ್ಲ.

ಅದೇ ಟೀಚರು ಬೆಳಿಗ್ಗೆ ಮಕ್ಕಳು ಹೇಳುವ ಸುದ್ದಿಯನ್ನು ಹಲಗೆಯ ಮೇಲೆ ಬರೆಯುತ್ತಾರೆ. 'ನಮ್ಮಾಡು ಎಲ್ಡು ಮರಿ ಹಾಕ್ತು' ಎಂದರೆ ಹಾಗೆಯೇ. ಪಕ್ಕದಲ್ಲಿ, ಆಮೇಲೆ, 'ನಮ್ಮ ಆಡು ಎರಡು ಮರಿ ಹಾಕಿತು'. ಮೊದಲನೆಯದನ್ನು ಅಳಿಸುವುದಿಲ್ಲ. ಇದಕ್ಕೆ ಮೂಗು ಮುರಿಯುವವರಿದ್ದಾರೆ, ಶಾಲೆಯಲ್ಲೂ ಹಳ್ಳಿ ಭಾಷೆಯೇ ಎಂದು. ಆದರೆ ಹಾಡಿಯಿಂದ ಬರುವ ಜೇನುಕುರುಬರ ಮಗುವಿಗೆ, ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ ಪುಸ್ತಕದ ಕನ್ನಡವೇ ಅರ್ಧ ಪರಭಾಷೆ. ತನ್ನ ಬಾಯಿಂದ ಬಂದದ್ದು ಹಲಗೆಯ ಮೇಲೆ ಕೂತಿದೆ ಎಂದು ಕಂಡ ಮಗು ಅದನ್ನು ಓದದೆ ಬಿಡುವುದುಂಟೆ?

ಸ್ಮಾರ್ಟ್ ಕ್ಲಾಸಿನ ವಿಚಾರ ನಾನು ಎತ್ತುವುದಿಲ್ಲ. ಕರೆಂಟು ಇದ್ದಾಗ ಅದೂ ಇರಲಿ.

ಎತ್ತಲೇಬೇಕಾದ್ದು ಶಾಲೆಯ ಬೀರುವಿನ ವಿಚಾರ. ಬಣ್ಣಬಣ್ಣದ ಕಥೆಪುಸ್ತಕಗಳು ಅನೇಕ ಶಾಲೆಗಳಲ್ಲಿವೆ. ಬೀಗದ ಕೈ ಹೆಡ್‌ಮಾಸ್ಟರ ಬಳಿ. ಕೇಳಿದರೆ, 'ಹರಿದುಹಾಕ್ತವೆ ಸಾರ್, ಸ್ಟಾಕ್ ರಿಜಿಸ್ಟರಲ್ಲಿ ಕಮ್ಮಿ ಬಂದ್ರೆ ಆಡಿಟಿನೋರು ನಮ್ಮನ್ನ ಹಿಡೀತಾರೆ.' ಪಾಪ, ಅವರ ಭಯ ಸುಳ್ಳಲ್ಲ. ಆದರೆ ಹೊಸದಾಗಿಯೇ ಉಳಿದ ಕಥೆಪುಸ್ತಕದಷ್ಟು ದಂಡದ ಖರ್ಚು ಇನ್ನೊಂದಿಲ್ಲ. ಹರಿದ ಪುಸ್ತಕವನ್ನು 'ಓದಿ ಸವೆದದ್ದು' ಎಂದು ಲೆಕ್ಕದಿಂದ ತೆಗೆಯಲು ಅಧಿಕಾರಿಗಳು ಧಾರಾಳವಾಗಿ ಸಹಿ ಹಾಕಿದರೆ ಅರ್ಧ ಬೀಗಗಳು ತಾವೇ ಬಿಚ್ಚಿಕೊಳ್ಳುತ್ತವೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಿವೆ. ಪಂಚಾಯಿತಿಯಿಂದ ಆಗುವುದು ಶಾಲೆಯಿಂದ ಏಕಾಗದು?

ಹಾಗಾಗಿ ನಿಮ್ಮಲ್ಲಿ ಎರಡು ಕೋರಿಕೆ. ಮದುವೆ ಸೀಸನ್ ಮುಗಿದ ಮೇಲೆ ಮನೆಯಲ್ಲಿರುವ ಪತ್ರಿಕೆಗಳನ್ನು ರದ್ದಿಗೆ ಹಾಕದೆ ಹತ್ತಿರದ ಸರ್ಕಾರಿ ಶಾಲೆಗೆ ಕೊಟ್ಟುಬನ್ನಿ. ಹೋದಾಗ ಹೆಡ್‌ಮಾಸ್ಟರನ್ನು ಮಾತಾಡಿಸಿ, ಆ ಬೀರು ಒಮ್ಮೆ ತೆಗೆಸಿ ನೋಡಿ.